ಊಟಿ ಕಡೆ ಬೆಟ್ಟದ ರೆಸಾರ್ಟಲ್ಲಿ ನೈಟ್ ಹಾಲ್ಟ್: ಡ್ರೈವರ್ ಎಲ್ಲಿ ಮಲಗ್ಬೇಕು?

ಸರಸ್ವತಿಪುರಂನವಳು
ಎಲ್ರಿಗೂ ನಮಸ್ಕಾರ. ಡಿಸೆಂಬರ್ ರಜೇಲಿ ಮೈಸೂರಿಂದ ಊಟಿ ಕಡೆ ಹೊರಟಿದ್ದೀವಿ. ಅಪ್ಪ, ಅಮ್ಮ, ಅತ್ತೆ, ನಾವಿಬ್ರು, ಮಕ್ಕಳಿಬ್ರು. ಇನ್ನೋವಾ ಬಾಡಿಗೆಗೆ ಹೇಳಿದ್ದೀವಿ. ಡ್ರೈವರ್ ಹೊಸಬ್ರೇನಲ್ಲ, ಅಪ್ಪನ ಆಪರೇಷನ್ ಟೈಮಲ್ಲಿ ಆಸ್ಪತ್ರೆಗೆ ಓಡಾಡಿಸಿದೋರು. ನಮ್ಮಪ್ಪನಿಗಿಂತ ಏಳೆಂಟು ವರ್ಷ ಚಿಕ್ಕೋರು ಅಷ್ಟೆ.

ಊಟಿ ಟೌನಿನ ಗದ್ದಲ ಬೇಡ ಅಂತ ಕೋಟಗಿರಿ ರಸ್ತೇಲಿ, ಟೀ ತೋಟದ ಒಳಗಡೆ ಇರೋ ಒಂದು ರೆಸಾರ್ಟ್ ನೋಡಿದ್ವಿ. ಫೋಟೋ ಚೆನ್ನಾಗಿದೆ, ರೇಟೂ ಒಪ್ಪಿಗೆ ಆಯ್ತು. ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಡ್ರೈವರ್‌ಗೆ ಎಲ್ಲಿ ವ್ಯವಸ್ಥೆ ಅಂತ ಕೇಳಿದೆ. "ಡ್ರೈವರ್‌ಗೆ ರೂಮ್ ಇಲ್ಲ ಮೇಡಂ. ಗಾಡೀಲೇ ಮಲಗ್ತಾರೆ, ಎಲ್ರೂ ಹಾಗೇ ಮಾಡೋದು. ಬೇಡ ಅಂದ್ರೆ ಊಟಿಗೆ ಹೋಗಿ ಲಾಡ್ಜ್ ಮಾಡ್ಕೊಳ್ಳಲಿ" ಅಂದ್ರು. ಡಿಸೆಂಬರ್ ಚಳೀಲಿ ರಾತ್ರಿಯೆಲ್ಲಾ ಕಾರಲ್ಲಿ! ಮಾರನೇ ದಿನ ಅದೇ ಮನುಷ್ಯ ನಮ್ಮನ್ನೆಲ್ಲಾ ಕೂರಿಸ್ಕೊಂಡು ಘಾಟಿ ಇಳೀಬೇಕು.

ಡ್ರೈವರ್‌ಗೂ ಜಾಗ ಕೊಡೋ ರೆಸಾರ್ಟ್ ಆ ಕಡೆ ಸಿಗುತ್ತಾ? ನೀವೆಲ್ಲ ಹೇಗೆ ಮಾಡ್ತೀರಿ?

ಕುವೆಂಪುನಗರ_ಕಾಫಿ
ರೆಸಾರ್ಟ್‌ಗಳದ್ದು ಇದೇ ಕಥೆ. ಕ್ಯಾಂಪ್ ಫೈರ್‌ಗೆ ಜಾಗ ಇರತ್ತೆ, ಡಿಜೆಗೆ ಜಾಗ ಇರತ್ತೆ, ಒಂದು ಮಂಚಕ್ಕೆ ಇರಲ್ಲ. ಬೇರೆ ನೋಡಿ ಅಕ್ಕ.

ಲೆಕ್ಕಾಚಾರ
ಡ್ರೈವರ್‌ಗೆ ಬಾಟಾ (ದಿನದ ಭತ್ಯೆ) ಕೊಡೋದು ಯಾತಕ್ಕೆ? ಊಟ, ವಸತಿ ಎರಡೂ ಅದ್ರಲ್ಲೇ ಸೇರಿರತ್ತೆ. ಬುಕ್ ಮಾಡುವಾಗಲೇ ಟ್ರಾವೆಲ್ಸ್‌ನವರು ದಿನಕ್ಕೆ ಮಿನಿಮಮ್ ಕಿಲೋಮೀಟರ್, ಡ್ರೈವರ್ ಬಾಟಾ, ನೈಟ್ ಹಾಲ್ಟ್ ಚಾರ್ಜ್ ಎಲ್ಲಾ ಹಾಕಿರ್ತಾರೆ. ಅದರ ಮೇಲೆ ನಾವು ರೂಮೂ ಮಾಡ್ಕೊಡ್ಬೇಕು ಅಂದ್ರೆ ಮಧ್ಯಮ ವರ್ಗದವರು ಟ್ರಿಪ್ ಹೋಗೋ ಹಾಗೇ ಇಲ್ಲ. ಡ್ರೈವರ್ ವಸತಿ ಟ್ರಾವೆಲ್ಸ್ ಮಾಲೀಕನ ಜವಾಬ್ದಾರಿ, ಗಿರಾಕಿದಲ್ಲ.

ಹಳದಿಬೋರ್ಡ್_ಮದ್ದೂರು
ಅಕ್ಕ, ನಾನು ಟಿಟಿ (ಟೆಂಪೋ ಟ್ರಾವೆಲರ್) ಓಡಿಸ್ತೀನಿ, ಮದ್ದೂರು. ಬುಕ್ ಮಾಡೋಕ್ ಮುಂಚೆ ಇದನ್ನ ಕೇಳಿದ್ರಲ್ಲ, ಅದಕ್ಕೆ ಮೊದ್ಲು ಕೈ ಮುಗೀತೀನಿ. ಸುಮಾರು ಜನಕ್ಕೆ ರಾತ್ರಿ ಗೇಟ್ ಹತ್ರ ಲಗೇಜ್ ಇಳಿಸ್ದಾಗ್ಲೇ ನೆನಪಾಗೋದು. "ನಿಮ್ದೇನಣ್ಣ ವ್ಯವಸ್ಥೆ?" ಅಂತಾರೆ, ನಾವು "ನೋಡ್ಕೋತೀನಿ ಬುಡಿ ಸಾರ್" ಅಂತೀವಿ. ಇನ್ನೇನ್ ಅನ್ನೋದು.

ಲೆಕ್ಕಾಚಾರ ಸಾರ್, ಬಾಟಾ ಲೆಕ್ಕ ಹೇಳಿದ್ರಿ. ಐನೂರು ಕೊಡ್ತಾರೆ ಅಂತಿಟ್ಕಳಿ. ಮೂರೊತ್ತು ಊಟ, ಟೀ ಕಳೀರಿ. ಮಿಕ್ಕಿದ್ರಲ್ಲಿ ಸೀಸನ್ ಟೈಮಲ್ಲಿ ಊಟೀಲಿ ಯಾವ ಲಾಡ್ಜು ಬಾಗ್ಲು ತೆಗೀತದೆ? ಅದೂ ಇರ್ಲಿ, ಬೆಟ್ಟದ ಮೇಲಿನ ರೆಸಾರ್ಟಿಂದ ಟೌನ್‌ಗೆ ರಾತ್ರಿ ಮಂಜಲ್ಲಿ ಹೋಗಿ ಬೆಳಿಗ್ಗೆ ಮತ್ತೆ ಹತ್ತಿ ಬರಬೇಕು. ಆ ಡೀಸೆಲ್ ಯಾರದು, ಆ ಕಿಲೋಮೀಟ್ರು ಯಾರ ಲೆಕ್ಕಕ್ಕೆ?

ಗಾಡೀಲಿ ಮಲಗೋದು ಅಂದ್ರೆ ಹೆಂಗಿರತ್ತೆ ಹೇಳ್ತೀನಿ. ಮುಂದ್ಗಡೆ ಸೀಟು ಪೂರ್ತಿ ಹಿಂದಕ್ಕೆ ಬುಟ್ರೂ ಕಾಲು ಚಾಚಕ್ಕಾಗಲ್ಲ. ಗ್ಲಾಸು ಪೂರ್ತಿ ಏರಿಸಿದ್ರೆ ಉಸಿರು ಕಟ್ಟತ್ತೆ, ಎರಡು ಬೆರಳು ಇಳಿಸಿದ್ರೆ ಚಳಿ ಸೂಜಿ ಚುಚ್ಚಿದಂಗೆ ಕಿವಿಗೆ ನುಗ್ಗತ್ತೆ. ನಮ್ಮುಸಿರಿನ ನೀರೇ ಗ್ಲಾಸ್ ಒಳಗಡೆ ಕಟ್ಕಂಡು ಡ್ಯಾಶ್‌ಬೋರ್ಡ್ ಮೇಲೆ ಇಳೀತಿರತ್ತೆ. ಎರಡೂವರೆ ಮೂರಕ್ಕೆ ಎಚ್ಚರ ಆದ್ರೆ ಆಮೇಲೆ ನಿದ್ದೆ ಇಲ್ಲ. ಒಂದಕ್ಕೆ ಹೋಗ್ಬೇಕು ಅಂದ್ರೆ ಕತ್ತಲಲ್ಲಿ ಟೀ ಗಿಡದ ಸಂದಿ. ಅಲ್ಲಿ ಕಾಟಿ ಓಡಾಡ್ತವೆ, ಕರಡಿ ಓಡಾಡ್ತವೆ. ಏಳು ಗಂಟೆಗೆ ಪಾರ್ಟಿ ಸ್ನಾನ ಮಾಡ್ಕಂಡು ಫ್ರೆಶ್ ಆಗಿ ಬಂದು "ಹೊರಡೋಣ್ವಾ ಅಣ್ಣ" ಅಂತಾರೆ.

ಇಳಿಜಾರಲ್ಲಿ ಎರಡನೇ ಗೇರಲ್ಲಿ ನಿಧಾನಕ್ಕೆ ಇಳೀತಾ ಇರ್ತೀವಿ. ಎಂಜಿನ್ ಒಂದೇ ಸಮ ಗುಂಯ್ ಅಂತಿರತ್ತೆ, ಬಿಸ್ಲು ಮುಖಕ್ಕೆ ಬೀಳ್ತಿರತ್ತೆ. ರಾತ್ರಿ ನಿದ್ದೆ ಇಲ್ದೋನ ರೆಪ್ಪೆ ಕೂರೋದು ಅಲ್ಲೇ ಅಕ್ಕ.

ಚಾಮುಂಡಿ_ಮೆಟ್ಟಿಲು
ಅಣ್ಣ, ಓದಿ ಹೊಟ್ಟೆ ಕಿವುಚಿದ ಹಾಗಾಯ್ತು. ನಮ್ಮನೆಯವರಿಗೂ ತೋರಿಸಿದೆ.

ಗುಂಡ್ಲುಪೇಟೆ_ಹುಡುಗ
ಊಟೀಲಿ ಉಳಿಯೋದೇ ಯಾಕೆ? ಗುಂಡ್ಲುಪೇಟೇಲಿ ಹಾಲ್ಟ್ ಮಾಡಿ ಬೆಳಿಗ್ಗೆ ಬೇಗ ಬಿಟ್ರೆ ಸಂಜೆಗೆ ವಾಪಸ್ ಬರ್ಬೋದು. ಮೈಸೂರಿಂದ ನಮ್ಮೂರಿಗೆ 60 ಕಿ.ಮೀ. ಲಾಡ್ಜ್ ಕಡಿಮೆಗೆ ಸಿಗತ್ತೆ, ಡ್ರೈವರ್‌ಗೆ ಬೇರೆ ರೂಮ್ ಮಾಡಿದ್ರೂ ಭಾರ ಆಗಲ್ಲ.

ಕುವೆಂಪುನಗರ_ಕಾಫಿ
ಬೆಳಿಗ್ಗೆ ಬೇಗ ಅಂದ್ರೆ ನಾಲ್ಕಕ್ಕಾ? ಬಂಡೀಪುರ ಗೇಟ್ ಐದಕ್ಕೆ ತೆಗೀತಾರಲ್ವಾ?

ಗುಂಡ್ಲುಪೇಟೆ_ಹುಡುಗ
ಇಲ್ಲ, ಆರಕ್ಕೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಹಾಗೇ ಇದೆ. ಊಟಿ ರಸ್ತೆಗೆ ಮೇಲುಕಾಮನಹಳ್ಳಿ ಗೇಟು, ಸುಲ್ತಾನ್ ಬತ್ತೇರಿ ರಸ್ತೆಗೆ ಮದ್ದೂರು ಚೆಕ್‌ಪೋಸ್ಟು (ಇದು ನಮ್ಮ ತಾಲ್ಲೂಕಿನ ಮದ್ದೂರು, ವಡೆ ಮದ್ದೂರಲ್ಲ). ಆಂಬುಲೆನ್ಸ್‌ಗೆ, ಲೆಕ್ಕದ ಕೆಲವು ಸರ್ಕಾರಿ ಬಸ್‌ಗಳಿಗೆ ಬಿಟ್ರೆ ಯಾರಿಗೂ ಬಿಡಲ್ಲ. ಎಂಟೂಮುಕ್ಕಾಲಿಗೆ ಕೆಕ್ಕನಹಳ್ಳದಿಂದ ಗೇಟ್ ಹಿಡಿಯೋಕೆ ಗಾಡಿಗಳು ಬರೋ ಸ್ಪೀಡ್ ನೋಡಿದ್ರೆ ಎದೆ ಝಲ್ಲನ್ನತ್ತೆ. ಜಿಂಕೆ ಅಡ್ಡ ಬಂದ್ರೆ ಜಿಂಕೆನೂ ಇಲ್ಲ, ಗಾಡೀನೂ ಇಲ್ಲ.

ಹಳದಿಬೋರ್ಡ್_ಮದ್ದೂರು
ಗೇಟ್ ವಿಷ್ಯ ಸರಿಯಾಗಿ ಹೇಳಿದ್ರಿ ಅಣ್ಣ. ಪಾರ್ಟಿಯೋರು ಊಟೀಲಿ ಐದೂವರೆವರ್ಗೂ ಚಾಕ್ಲೇಟ್ ಅಂಗಡೀಲಿ ನಿಂತಿರ್ತಾರೆ. ಆಮೇಲೆ "ಒಂಬತ್ತಕ್ಕೆ ಗೇಟ್ ಹಿಡೀಲೇಬೇಕು, ಒತ್ತಣ್ಣ" ಅಂತಾರೆ. ಅದಕ್ಕೇ ಒಂದೇ ದಿನದಲ್ಲಿ ಹೋಗ್ಬರೋದಕ್ಕಿಂತ ಹಾಲ್ಟ್ ಮಾಡೋದೇ ವಾಸಿ. ಹಾಲ್ಟ್ ಅಂದ್ರೆ ಡ್ರೈವರ್‌ಗೂ ಹಾಲ್ಟ್ ಆಗ್ಬೇಕು, ಅಷ್ಟೆ.

ವಕೀಲರು_ಜಯನಗರ (ಮೈಸೂರಿನ ಜಯನಗರ)
ಲೆಕ್ಕಾಚಾರ ಅವರೇ, ಮಾಲೀಕನ ಜವಾಬ್ದಾರಿ ಅಂದಿದ್ದು ಒಂದು ಮಟ್ಟಿಗೆ ಸರಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ 1961ರಿಂದ ಇತ್ತು, 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂತು. ಆ ಹಳೇ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತಿತ್ತು. 5 ಗಂಟೆ ಒಂದೇ ಸಮ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕಿತ್ತು. ಆದರೆ ಅದು ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಇದ್ದದ್ದು. ಮೈಸೂರು, ಮಂಡ್ಯದಲ್ಲಿ ಒಂದೇ ಗಾಡಿ, ತಾನೇ ಮಾಲೀಕ ತಾನೇ ಡ್ರೈವರ್ ಆಗಿರುವವರು ಎಷ್ಟೋ ಜನ. ಅವರಿಗೆ ಯಾವ ಮಾಲೀಕ ವಸತಿ ಮಾಡಿಕೊಡಬೇಕು?

ಇನ್ನೊಂದು ವಿಷಯ. ತಮಿಳುನಾಡು ಸರ್ಕಾರ 2023ರಲ್ಲಿ ಕಟ್ಟಡ ನಿಯಮಕ್ಕೆ ತಿದ್ದುಪಡಿ ತಂದು, ಹೋಟೆಲ್, ಲಾಡ್ಜ್‌ಗಳು ಅತಿಥಿಗಳ ಜೊತೆ ಬರುವ ಡ್ರೈವರ್‌ಗಳಿಗೆ ಮಲಗುವ ಜಾಗ, ಶೌಚಾಲಯ ಮಾಡಬೇಕು ಅಂತ ಹೇಳಿದೆ. ಊಟಿ ತಮಿಳುನಾಡಲ್ಲೇ ಇರೋದು. ಫೋನಲ್ಲಿ ಈ ಮಾತನ್ನು ಮೆತ್ತಗೆ ಎತ್ತಿ ನೋಡಿ ತಂಗಿ. ಜಗಳ ಬೇಡ, ಕೇಳಿದರೆ ಸಾಕು.

ಸರಸ್ವತಿಪುರಂನವಳು
ಇದು ಗೊತ್ತೇ ಇರ್ಲಿಲ್ಲ ಸಾರ್, ತುಂಬಾ ಥ್ಯಾಂಕ್ಸ್. ನಾಳೆ ಕೇಳ್ತೀನಿ.

ಲೆಕ್ಕಾಚಾರ
ನಿಯಮ ಇದ್ರೆ ರೆಸಾರ್ಟೇ ಕೊಡಲಿ, ನನ್ನದೇನೂ ತಕರಾರಿಲ್ಲ. ಆದ್ರೆ ಎಲ್ಲಾ ಭಾರ ಗಿರಾಕಿ ತಲೆ ಮೇಲೆ ಹಾಕೋ ಮಾತು ಬೇಡ. ಏಳು ಜನಕ್ಕೆ ಮೂರು ರೂಮ್ ಮಾಡೋ ಹೊತ್ತಿಗೇ ಒಬ್ಬರ ಒಂದು ತಿಂಗಳ ಸಂಬಳ ಕರಗಿರತ್ತೆ.

ಹೋಟೆಲ್_ಕೆಲಸ
ನಾನು ಪಾಂಡವಪುರದವನು, ನೀಲಗಿರಿ ಕಡೆ ಒಂದು ರೆಸಾರ್ಟ್‌ನ ಫ್ರಂಟ್ ಆಫೀಸಲ್ಲಿ ಇದ್ದೆ. ಒಳಗಿನ ಮಾತು ಹೇಳ್ತೀನಿ. ಬೆಟ್ಟದ ಮೇಲೆ ಸಮತಟ್ಟು ಜಾಗ ಕಡಿಮೆ. ಸಿಕ್ಕಿದ್ದೆಲ್ಲಾ ರೂಮಿಗೆ, ಪಾರ್ಕಿಂಗಿಗೆ ಹೋಗತ್ತೆ. ಕೆಲಸದವರೇ ಒಂದು ರೂಮಲ್ಲಿ ಎಂಟು ಹತ್ತು ಜನ ಮಲಗಿರ್ತಾರೆ. ಅಲ್ಲಿಗೆ ಗುರುತಿಲ್ಲದ ನಾಲ್ಕು ಡ್ರೈವರ್‌ಗಳನ್ನ ಕಳಿಸಿದ್ರೆ ಕೆಲಸದ ಹೆಣ್ಣುಮಕ್ಕಳು ಹೆದರ್ತಾರೆ, ಮೇನೇಜರ್‌ಗೂ ತಲೆನೋವು. ಅದಕ್ಕೇ ಫೋನಲ್ಲಿ "ಇಲ್ಲ" ಅಂದ್ಬಿಡೋದು.

ಮನಸ್ಸಿದ್ರೆ ದಾರಿ ಇದೆ. ನಾವಿದ್ದ ಕಡೆ ಜನರೇಟರ್ ಮನೆ ಪಕ್ಕ ಒಂದು ಹಳೇ ಸ್ಟೋರ್ ರೂಮಿತ್ತು. ಎರಡಂತಸ್ತಿನ ಕಬ್ಬಿಣದ ಮಂಚ ಹಾಕಿ, ರಗ್ಗು ಕೊಟ್ಟು, ಪಕ್ಕದಲ್ಲೇ ಒಂದು ಕಕ್ಕಸು ಬಚ್ಚಲು ಮಾಡಿದ್ವಿ. ಅದು ಆದ್ಮೇಲೆ ಟ್ರಾವೆಲ್ಸ್‌ನೋರೇ ಗಿರಾಕಿಗಳಿಗೆ ನಮ್ಮ ಹೆಸರು ಹೇಳೋಕೆ ಶುರು ಮಾಡಿದ್ರು. ಖರ್ಚು ಮಾಡಿದ್ದು ವಾಪಸ್ ಬಂತು.

ಅಕ್ಕ, ಬುಕಿಂಗ್ ಆಫೀಸಿಗೆ ಫೋನ್ ಮಾಡಿದ್ರೆ ಅಲ್ಲಿರೋರಿಗೆ ಜಾಗದ ವಿಷಯ ಗೊತ್ತಿರಲ್ಲ. ಬೆಟ್ಟದ ಮೇಲಿನ ಮೇನೇಜರ್ ನಂಬರ್ ಇಸ್ಕೊಂಡು ಅವರನ್ನೇ ಕೇಳಿ. ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಇಲ್ಲಾಂದ್ರೆ ಅಲ್ಲಿ ಹೋದ್ಮೇಲೆ ಮಾತು ಬದಲಾಗತ್ತೆ.

ಕಬ್ಬಿನಗದ್ದೆ
ನಮ್ಮ ಮಂಡ್ಯದೋರು ಮಾದಪ್ಪನ ಬೆಟ್ಟಕ್ಕೆ ಹೋದ್ರೆ ಈ ಪ್ರಶ್ನೆನೇ ಬರಲ್ಲ. ಡ್ರೈವರೂ ನಮ್ಜೊತೆನೇ ದಾಸೋಹಕ್ಕೆ ಕೂರ್ತಾನೆ, ಅದೇ ಹಾಲಲ್ಲಿ ಚಾಪೆ ಹಾಸ್ಕೊಂಡು ಮಲಗ್ತಾನೆ. ಧರ್ಮಸ್ಥಳದಲ್ಲೂ ಹಂಗೇ. ಆ ಟ್ರಿಪ್ಪಲ್ಲಿ "ನಮ್ ಡ್ರೈವರಣ್ಣ". ರೆಸಾರ್ಟ್ ಗೇಟ್ ದಾಟಿದ್ರೆ ಅವ್ನೇ ಹೊರಗಿನೋನು ಹೆಂಗಾಗ್ತಾನೆ?

ಚಾಮುಂಡಿ_ಮೆಟ್ಟಿಲು
ನೂರಕ್ಕೆ ನೂರು ನಿಜ.

ಬೈಕ್_ಬಿಟ್ಟವನು
ನೀವೇ ಓಡಿಸ್ಕೊಂಡು ಹೋಗಿ, ಸಮಸ್ಯೆನೇ ಇರಲ್ಲ. ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟಿ ಹತ್ತಿದ್ರೆ ಸುಮಾರು 125 ಕಿ.ಮೀ., ನಾಲ್ಕು ಗಂಟೇಲಿ ಊಟಿ.

ಹಳದಿಬೋರ್ಡ್_ಮದ್ದೂರು
ಅಣ್ಣ, ಕಲ್ಲಟ್ಟೀಲಿ 36 ಹೇರ್‌ಪಿನ್ ಇದಾವೆ. ಅಭ್ಯಾಸ ಇಲ್ದೋರು ಮೂವರು ವಯಸ್ಸಾದೋರ್ನ, ಎರಡು ಮಕ್ಕಳ್ನ ಕೂರಿಸ್ಕಂಡು ಆ ದಾರೀಲಿ ಹೋಗೋದು ಬೇಡ. ಇಳಿಯೋದಂತೂ ಹೊರಗಿನ ಗಾಡಿಗಳಿಗೆ ಬಿಡೋದೇ ಇಲ್ಲ, ತಲೈಕುಂದಾ ಚೆಕ್‌ಪೋಸ್ಟಲ್ಲೇ ತಿರುಗಿಸಿ ಗೂಡಲೂರು ಮೇಲೆ ಹೋಗಿ ಅಂತಾರೆ. ಅಲ್ಲಿ ಬ್ರೇಕ್ ತುಳ್ಕಂಡೇ ಇಳ್ದು ಗಾಡಿ ಕಂಟ್ರೋಲ್ ತಪ್ಪಿದ್ದು ಒಂದಾ ಎರಡಾ. ಲೈನಿಂಗ್ ಕಾದು ವಾಸ್ನೆ ಬಂತು ಅಂದ್ರೆ ಸೈಡಿಗೆ ಹಾಕಿ ಆರೋಕೆ ಬುಡ್ಬೇಕು. ಬಿಸಿ ಡ್ರಮ್ ಮೇಲೆ ನೀರು ಹಾಕ್ಬಾರ್ದು. ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು. ಮೇಲಕ್ಕೆ ಬರೋ ಗಾಡಿಗೆ ಮೊದ್ಲು ದಾರಿ ಬುಡ್ಬೇಕು. ಹೊಸಬ್ರು ಇದೊಂದ್ನೂ ಪಾಲಿಸಲ್ಲ.

ಕುವೆಂಪುನಗರ_ಕಾಫಿ
ಗೂಡಲೂರು ರಸ್ತೆ ಉದ್ದ ಆದ್ರೂ ಅಗಲ ಇದೆ. ವಯಸ್ಸಾದವರಿದ್ರೆ ಅದೇ ಸರಿ. ಒಣಶುಂಠಿ ಇಟ್ಕೊಳ್ಳಿ, ಮಕ್ಕಳಿಗೆ ಹೊಟ್ಟೆ ತುಂಬಾ ತಿನ್ನಿಸಿ ಘಾಟಿ ಹತ್ತಬೇಡಿ.

ನರ್ಸಮ್ಮ_ಮಂಡ್ಯ
ಒಂದು ಗಂಭೀರ ವಿಷಯ, ದಯವಿಟ್ಟು ಎಲ್ರೂ ಓದಿ. ಚಳಿ ಅಂತ ಕಾರಿನ ಗ್ಲಾಸ್ ಏರಿಸಿ, ಎಂಜಿನ್ ಆನ್ ಮಾಡಿ, ಹೀಟರ್ ಹಾಕ್ಕೊಂಡು ಮಲಗೋದು ಜೀವಕ್ಕೆ ಅಪಾಯ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣನೂ ಇಲ್ಲ, ವಾಸನೆನೂ ಇಲ್ಲ. ತಲೆ ನೋವು, ಮಂಪರು ಬಂದು ಹಾಗೇ ಪ್ರಜ್ಞೆ ಹೋಗತ್ತೆ. ನಿದ್ದೆಯಲ್ಲಿರೋರಿಗೆ ಗೊತ್ತೇ ಆಗಲ್ಲ. ರೂಮಲ್ಲೂ ಅಷ್ಟೇ. ಕೆಲವು ಕಡೆ ಚಳಿಗೆ ಅಂತ ಇದ್ದಿಲು ಕೆಂಡದ ತಟ್ಟೆ ಒಳಗೆ ತಂದಿಡ್ತಾರೆ. ಬಾಗಿಲು ಕಿಟಕಿ ಮುಚ್ಚಿದ ರೂಮಲ್ಲಿ ಕೆಂಡ ಇಟ್ಟು ಮಲಗಲೇಬಾರದು. ಕರೆಂಟ್ ಹೀಟರ್ ಕೇಳಿ ಅಥವಾ ಇನ್ನೆರಡು ರಗ್ಗು ಕೇಳಿ.

ಊಟಿ ಇರೋದು 2,240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರೀಲಿ ತಗ್ಗು ಜಾಗಗಳಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟಿರತ್ತೆ, ಸೊನ್ನೆ ಹತ್ತಿರಕ್ಕೆ ಇಳಿಯೋ ರಾತ್ರಿಗಳೂ ಇರ್ತವೆ. ಬಿಪಿ, ಶುಗರ್ ಇರೋ ಐವತ್ತು ಅರವತ್ತು ವರ್ಷದ ಡ್ರೈವರ್‌ಗೆ ಕಾರಲ್ಲಿ ಮಲಗಿ ಅನ್ನೋದು ಸಲ್ಲದ ಮಾತು.

ಸರಸ್ವತಿಪುರಂನವಳು
ಅವರಿಗೆ ಶುಗರ್ ಇದೆ ನರ್ಸಮ್ಮ. ನನಗೆ ಹೊಳೆದೇ ಇರ್ಲಿಲ್ಲ. ಗಾಡೀಲಿ ಮಲಗೋ ಮಾತು ಇಲ್ಲಿಗೇ ಮುಗೀತು.

ತಾತನ_ಜೊತೆ
ಅಪ್ಪ ಅಮ್ಮನಿಗಾಗಿ ಇನ್ನೊಂದು ಕೇಳಿ: ಪಾರ್ಕಿಂಗಿಂದ ರೂಮಿಗೆ ಎಷ್ಟು ಮೆಟ್ಟಿಲು? ಬೆಟ್ಟದ ರೆಸಾರ್ಟ್ ಇಳಿಜಾರಲ್ಲಿ ಕಟ್ಟಿರ್ತಾರೆ. ನಮಗೆ ಕೊಟ್ಟ ರೂಮು ಮೂರು ಹಂತ ಕೆಳಗಿತ್ತು, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ರಾತ್ರಿ ಇಬ್ಬನಿ ಬಿದ್ದು ಕಲ್ಲು ಜಾರ್ತಿತ್ತು. ಊಟದ ಹಾಲು ಮೇಲುಗಡೆ. ನಮ್ಮ ತಾತ ಒಂದ್ಸಲ ಇಳಿದೋರು ಮತ್ತೆ ಹತ್ಲಿಲ್ಲ, ಊಟ ಕೆಳಗೇ ತರಿಸಿದ್ವಿ, ಅದಕ್ಕೂ ಬೇರೆ ಚಾರ್ಜ್. ಬಿಸಿನೀರು ಸೋಲಾರಾ ಗೀಸರಾ ಅಂತನೂ ಕೇಳಿ. ಮಂಜು ಕವಿದ ದಿನ ಸೋಲಾರ್ ನಂಬಿದ್ರೆ ತಣ್ಣೀರೇ ಗತಿ.

ಕಬ್ಬಿನಗದ್ದೆ
ಕೆಎಸ್‌ಟಿಡಿಸಿದು (ನಮ್ಮ ರಾಜ್ಯದ ಪ್ರವಾಸೋದ್ಯಮ ನಿಗಮದ್ದು) ಮಯೂರ ಸುದರ್ಶನ್ ಅಂತ ಹೋಟೆಲ್ ಊಟಿ ಫರ್ನ್‌ಹಿಲ್‌ನಲ್ಲಿ ಇದೆಯಲ್ಲ, ಅಲ್ಲಿ ವಿಚಾರಿಸಿದ್ರಾ? ನಮ್ಮ ತೋಟಗಾರಿಕೆ ಇಲಾಖೆಯ ಕರ್ನಾಟಕ ಸಿರಿ ಉದ್ಯಾನನೂ ಆ ಕಡೆನೇ, ಚೆನ್ನಾಗಿದೆ. ಮೈಸೂರು ಅರಸರ ಬೇಸಿಗೆ ಅರಮನೆ ಇದ್ದಿದ್ದೂ ಫರ್ನ್‌ಹಿಲ್‌ನಲ್ಲೇ.

ಗುಂಡ್ಲುಪೇಟೆ_ಹುಡುಗ
ಗೋಪಾಲಸ್ವಾಮಿ ಬೆಟ್ಟನೂ ಸೇರಿಸ್ಕೊಳ್ಳಿ, ದಾರೀಲೇ ಇದೆ. ಮೇಲಕ್ಕೆ ಸ್ವಂತ ಗಾಡಿ ಬಿಡಲ್ಲ, ಕೆಳಗಿಂದ ಕೆಎಸ್‌ಆರ್‌ಟಿಸಿ ಬಸ್ಸು. ರಾತ್ರಿ ಉಳಿಯೋ ಹಾಗಿಲ್ಲ. ನೀವು ಹೋಗ್ಬರೋವಷ್ಟು ಹೊತ್ತು ನಿಮ್ಮ ಡ್ರೈವರ್ ಕೆಳಗೆ ಪಾರ್ಕಿಂಗಲ್ಲಿ ಸೀಟ್ ಒರಗಿಸಿ ಕಣ್ಣು ಮುಚ್ಕೊಳ್ಬೋದು.

ಟ್ರಾವೆಲ್ಸ್_ನಜರ್‌ಬಾದ್
ಲೆಕ್ಕಾಚಾರ ಸಾರ್ ಮಾಲೀಕರ ಕಡೆ ಬೆರಳು ತೋರಿಸಿದ್ದಕ್ಕೆ ಉತ್ತರ ಕೊಡ್ಬೇಕು ಅನಿಸ್ತು. ನಂದು ಮೂರು ಗಾಡಿ ಇವೆ. ಕೊಟೇಷನ್‌ನಲ್ಲಿ "ಡ್ರೈವರ್ ವಸತಿ ಪಾರ್ಟಿಯವರದ್ದು, ಇಲ್ಲದಿದ್ರೆ ರಾತ್ರಿಗೆ ಇಷ್ಟು" ಅಂತ ಬರೆದೇ ಕೊಡ್ತೀನಿ. ಹತ್ತರಲ್ಲಿ ಆರು ಜನ ಆ ಸಾಲು ನೋಡಿದ ತಕ್ಷಣ ಪಕ್ಕದ ಆಫೀಸಿಗೆ ಹೋಗ್ತಾರೆ, ಅಲ್ಲಿ ಆ ಸಾಲು ಇರಲ್ಲ, ರೇಟ್ ಕಡಿಮೆ ಕಾಣತ್ತೆ. ಅಲ್ಲಿ ಕಡಿಮೆಯಾದ ದುಡ್ಡು ಡ್ರೈವರ್ ನಿದ್ದೆಯಿಂದ ಕಿತ್ತಿದ್ದು. ನಾನಂತೂ ಆ ಸಾಲು ತೆಗೆಯಲ್ಲ.

ಎಲ್ರಿಗೂ ಒಂದು ಬೇಡಿಕೆ. ರಾತ್ರಿ ಎಂಟರ ಮೇಲೆ "ಅಣ್ಣ ಒಂದು ರೌಂಡ್ ಟೌನ್‌ಗೆ ಹೋಗ್ಬರೋಣ, ಐಸ್‌ಕ್ರೀಮ್ ತಿನ್ನೋಣ" ಅನ್ನಬೇಡಿ. ಮಂಚ ಕೊಟ್ಟು ನಿದ್ದೆ ಕೊಡ್ಲಿಲ್ಲ ಅಂದ್ರೆ ಪ್ರಯೋಜನ ಇಲ್ಲ.

ಲೆಕ್ಕಾಚಾರ
ಬರೆದು ಕೊಡೋದು ಒಳ್ಳೇ ಪದ್ಧತಿ. ಎಲ್ಲಾ ಟ್ರಾವೆಲ್ಸ್‌ನವರೂ ಹೀಗೇ ಮಾಡಿದ್ರೆ ಹೋಲಿಕೆ ಮಾಡೋಕೆ ನಮಗೂ ಸುಲಭ. ಆದರೂ ಹೇಳ್ತೀನಿ, ಇದು ಮೊದಲು ರೆಸಾರ್ಟ್‌ನವರ ಕೆಲಸ. ರಾತ್ರಿಗೆ ಎಂಟು ಹತ್ತು ಸಾವಿರ ತಗೊಳ್ಳೋರಿಗೆ ಒಂದು ಮಂಚ ಭಾರವೇ?

ಹೋಟೆಲ್_ಕೆಲಸ
ಭಾರ ಅಲ್ಲ ಸಾರ್. ಗಿರಾಕಿ ಕೇಳಲ್ಲ, ಅದಕ್ಕೇ ಅವರು ಮಾಡಲ್ಲ.

ಸರಸ್ವತಿಪುರಂನವಳು
ಇವತ್ತು ಬೆಟ್ಟದ ಮೇಲಿನ ಮೇನೇಜರ್ ನಂಬರ್ ಇಸ್ಕೊಂಡು ಮಾತಾಡಿದೆ. ವಕೀಲರು ಹೇಳಿದ ನಿಯಮದ ಮಾತು ಮೆತ್ತಗೆ ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೆಸ್ಟ್ ಯಾರೂ ಕೇಳಲ್ಲ ಮೇಡಂ, ನೋಡ್ತೀನಿ" ಅಂದ್ರು. ಸಂಜೆ ಅವರೇ ಫೋನ್ ಮಾಡಿ, ತೋಟದ ಸೂಪರ್‌ವೈಸರ್ ಮನೆ ಹಿಂದೆ ಒಂದು ರೂಮ್ ಖಾಲಿ ಇದೆ, ಮಂಚ ಹಾಕಿಸಿ ಬಿಸಿನೀರು ಕೊಡ್ತೀವಿ ಅಂದ್ರು. ಫೋಟೋನೂ ಕಳಿಸಿದ್ರು: ಹಸಿರು ಬಣ್ಣದ ಬಾಗಿಲು, ಒಂದು ಕಬ್ಬಿಣದ ಮಂಚ, ಕಿಟಕಿಗೆ ಒಂದು ಗಾಜು ಒಡೆದಿತ್ತು. ಅದನ್ನ ಹಾಕಿಸಿ ಅಂದೆ, ಒಪ್ಪಿದ್ರು. ವಾಟ್ಸಾಪಲ್ಲಿ ಬರೆಸ್ಕೊಂಡಿದ್ದೀನಿ. ರಾತ್ರಿ ಊಟ ನಮ್ಮ ಜೊತೆ ಅದೇ ಹಾಲಲ್ಲಿ ಅಂತಲೂ ಹೇಳಿದ್ದೀನಿ. ಶುಗರ್ ಇರೋರಿಗೆ ಹೊತ್ತಿಗೆ ಊಟ ಮುಖ್ಯ.

ಡ್ರೈವರ್ ಚಿಕ್ಕಪ್ಪಂಗೆ ಹೇಳಿದ್ರೆ "ನನಗ್ಯಾಕಮ್ಮ ಇಷ್ಟೆಲ್ಲಾ" ಅಂದ್ರು. ಅಪ್ಪನೇ ಫೋನ್ ತಗೊಂಡು, ನಿನಗಲ್ಲ ಮಾರಾಯ, ನಮ್ಮೆಲ್ರಿಗೂ ಸೇರಿ ಮಾಡಿರೋದು ಅಂತ ಗದರಿಸಿದ್ರು.

ನರ್ಸಮ್ಮ_ಮಂಡ್ಯ
ತುಂಬಾ ಸಮಾಧಾನ ಆಯ್ತು. ಮಾತ್ರೆ ಡಬ್ಬಿ ಮರೀದೆ ಇಟ್ಕೊಳ್ಳೋಕೆ ಹೇಳಿ.

ಹಳದಿಬೋರ್ಡ್_ಮದ್ದೂರು
ಅಕ್ಕ, ಆ ಫೋಟೋ ನಮ್ಮ ಡ್ರೈವರ್‌ಗಳ ಗ್ರೂಪಿಗೆ ಹಾಕ್ಲಾ? ರೆಸಾರ್ಟ್ ಹೆಸ್ರು ಹಾಕಲ್ಲ. ಕೇಳಿದ್ರೆ ಕೊಡ್ತಾರೆ ಅಂತ ಗೊತ್ತಾಗ್ಲಿ.

ಸರಸ್ವತಿಪುರಂನವಳು
ಖಂಡಿತಾ ಹಾಕಿ ಅಣ್ಣ.

ಬೈಕ್_ಬಿಟ್ಟವನು
ಊಟಿಗೆ ಗಾಡಿ ತಗೊಂಡ್ ಹೋಗೋಕೆ ಇ-ಪಾಸ್ ಬೇಕಲ್ಲ, ಮಾಡ್ಸಿದ್ರಾ? ಅದು ಬೇಸಿಗೆಗೆ ಮಾತ್ರ ಅಂತ ಯಾರೋ ಅಂದ್ರು.

ವಕೀಲರು_ಜಯನಗರ
ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಶುರುವಾದದ್ದು. ಮೊದಲು ಬೇಸಿಗೆಗೆ ಅಂತಲೇ ಇತ್ತು, ಆಮೇಲೆ ಮುಂದುವರಿಸಿದರು. ದಿನಕ್ಕೆ 6,000, ವಾರಾಂತ್ಯಕ್ಕೆ 8,000 ಗಾಡಿ ಅನ್ನೋ ಮಿತಿ 2025ರ ಬೇಸಿಗೆ ಸೀಸನ್‌ಗೆ ಹಾಕಿದ್ದು. ಪಾಸ್ ಉಚಿತ, ಆನ್‌ಲೈನಲ್ಲೇ ಸಿಗುತ್ತದೆ. ಬಾಡಿಗೆ ಗಾಡಿಯಾದ್ದರಿಂದ ಗಾಡಿ ನಂಬರ್ ಬದಲಾದರೆ ಹೊಸ ಪಾಸ್ ಮಾಡಿಸಬೇಕು, ಹೊರಡುವ ಹಿಂದಿನ ದಿನ ಟ್ರಾವೆಲ್ಸ್‌ನವರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಟ್ರಾವೆಲ್ಸ್_ನಜರ್‌ಬಾದ್
ಹಳದಿ ಬೋರ್ಡಿಗೆ ತಮಿಳುನಾಡು ಪರ್ಮಿಟ್ ಅಥವಾ ಆಲ್ ಇಂಡಿಯಾ ಪರ್ಮಿಟ್ ಬೇಕು, ಅದನ್ನೂ ಕೇಳಿ. ಚೆಕ್‌ಪೋಸ್ಟಲ್ಲಿ ನೀರಿನ ಪ್ಲಾಸ್ಟಿಕ್ ಬಾಟ್ಲಿ ಇದ್ರೆ ಕಿತ್ಕೊಂಡು ದಂಡ ಹಾಕ್ತಾರೆ, ಮನೆಯಿಂದ ಸ್ಟೀಲ್ ಕ್ಯಾನ್ ತಗೊಂಡು ಹೋಗಿ.

ಕುವೆಂಪುನಗರ_ಕಾಫಿ
ವಾಪಸ್ ಬರೋ ದಿನ ಊಟಿ ಎಷ್ಟೊತ್ತಿಗೆ ಬಿಡ್ತೀರಿ ಅಕ್ಕ?

ಸರಸ್ವತಿಪುರಂನವಳು
ಊಟ ಮುಗಿಸಿ ಒಂದೂವರೆಗೆ. ಗೂಡಲೂರಲ್ಲಿ ಟೀಗೆ ನಿಲ್ಸಿ, ಕತ್ತಲಾಗೋ ಮುಂಚೆ ಕಾಡು ದಾಟ್ಬಿಡೋಣ ಅಂತ.